ಆಶೀರ್ವಾದಕ್ಕೆ ಬಗ್ಗಿದ ತಲೆ

ಪರದೇಶದ ಊರಿನಲ್ಲಿ ಟಾಲಾ ಆಸ್ಪತ್ರೆಯ ಕೆಲಸಕ್ಕೆ ಹೊರಟ ಜೆಸಿಂತಾಳಿಗೆ ನಗರದ ಲುವಾಸ್ ರೈಲಿನ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಆಫ್ರಿಕಾದ ಕಾಡಿನಲ್ಲಿ ತಾನೇ ಕಾರು ಓಡಿಸಿ ಬಂದವನೊಬ್ಬ ಗೆಳೆಯನಿಗೆ ಕಥೆ ಹೇಳುತ್ತಿದ್ದ.

"ಆನೆ ಹತ್ರಾನೇ ಬಂತು ಕಣೋ ಚಾಮರಾಜ. ಗ್ಲಾಸ್ ಇಳಿಸಿ ಬಾಳೆಹಣ್ಣು ಕೊಟ್ಟೆ."

"ತಿನ್ನೋಕೆ ಕೊಡಬಾರ್ದು ಅಂತ ಬೋರ್ಡ್ ಇರ್ಲಿಲ್ವೇನೋ?"

"ಇತ್ತು. ದೇವಸ್ಥಾನದ ಆನೆಗೆ ಕೊಡಲ್ವಾ? ಆಶೀರ್ವಾದ ಮಾಡುತ್ತೆ ಅಂತ ತಲೆ ಬೇರೆ ಬಗ್ಗಿಸಿದ್ದೆ."

"ಮಾಡ್ತಾ?"

"ಎಲ್ಲಿ! ಮಾರನೇ ದಿನ ಹಣ್ಣಿನ ಆಸೆಗೆ ಇನ್ಯಾರದೋ ಕಾರಿನ ಡೋರ್ ಕಿತ್ತಾಕ್ತು. ರೇಂಜರ್‌ಗಳು ಶೂಟ್ ಮಾಡಿದ್ರು."

"ಆನೇನಾ?"

"ಹ್ಞೂಂ, ಪಾಪ. ನನ್ನ ವಿಡಿಯೋ ಮಾತ್ರ ಗ್ರ್ಯಾಂಡಾಗಿ ಬಂದೈತೆ, ನೋಡು."

ಚಾಮರಾಜ ಫೋನ್ ನೋಡದೆ ಎದ್ದು ಬಾಗಿಲ ಬಳಿ ನಿಂತ.

"ಲೋ, ನಿನ್ನ ಸ್ಟಾಪ್ ಇನ್ನೂ ದೂರ ಐತಲ್ಲೋ!"

"ನಡ್ಕೊಂಡು ಹೋಗ್ತೀನಿ," ಎಂದು ಅವನು ಮಳೆಯಲ್ಲೇ ಇಳಿದುಹೋದ.