ಅಪ್ಸರೆಯರ ಪಾಲಾದ ಗಂಡ

ಒಂದೂರಿನ ಸಾವುಕಾರನಿಗೆ ವೀರಗಲ್ಲು ನಿಲ್ಲಿಸುವ ಹುಕಿ ಹತ್ತಿತು. ಊರಿನ ಯೋಧನೊಬ್ಬ ಗಡಿಯಲ್ಲಿ ಸತ್ತಿದ್ದ. ಸತ್ತಿದ್ದ ಎಂದೆ, ನೋಡಿ. ಸಾವುಕಾರ ಆ ಮಾತನ್ನು ಬಾಯಿಗೇ ತರುತ್ತಿರಲಿಲ್ಲ. 'ಅಮರನಾದ' ಎನ್ನುತ್ತಿದ್ದ. ಕೇಳಿದವರಿಗೆ ಯೋಧನಿಗೆ ಬಡ್ತಿ ಸಿಕ್ಕಿರಬೇಕು ಅನ್ನಿಸುತ್ತಿತ್ತು.

ಕಲ್ಲು ಸಿದ್ಧವಾಯಿತು. ಕೆಳಗೆ ಯುದ್ಧ, ನಡುವೆ ಯೋಧನ ತೋಳು ಹಿಡಿದು ಆಕಾಶಕ್ಕೆ ಒಯ್ಯುವ ಇಬ್ಬರು ಅಪ್ಸರೆಯರು, ಮೇಲೆ ಕೈಲಾಸ. ಅಡಿಯಲ್ಲಿ ಅವನ ಹೆಸರು, ಹೆಸರಿನ ಕೆಳಗೆ ಒಂದು ಸಾಲು: 'ನಗುನಗುತ್ತಾ ಪ್ರಾಣ ಅರ್ಪಿಸಿದ ವೀರ.' ಪರದೆ ಸರಿಸಲು ಯೋಧನ ಹೆಂಡತಿಯೇ ಬೇಕು. ಆಕೆ ಬಾರದಿದ್ದರೆ ಸಮಾರಂಭಕ್ಕೆ ಕಳೆಯಿಲ್ಲ. ಹಿಂದಿನ ದಿನ ಸಾವುಕಾರ ಆಕೆಯನ್ನು ಕರೆಸಿ ಕಲ್ಲು ತೋರಿಸಿದ.

ಆಕೆ ಬಹಳ ಹೊತ್ತು ನೋಡಿದಳು. "ಈ ಹೆಣ್ಮಕ್ಕಳು ಯಾರ್ರೀ, ಸಾವ್ಕಾರ್ರ?"

"ಅಪ್ಸರೇರವ್ವಾ. ನಿನ್ನ ಗಂಡನ್ನ ಸ್ವರ್ಗಕ್ಕ ಕರ್ಕೊಂಡು ಹೊಂಟಾರ."

"ಹಂಗಾದ್ರ ನಮ್ಮ ಮನ್ಯಾವ್ರನ್ನ ಇವರ ಕೈಯಾಗ ಕೊಟ್ಟು, ಪರದೆನೂ ನಾನ ಸರಿಸಿ ಊರಿಗೆ ತೋರಿಸ್ಬೇಕೇನ್ರಿ?"

ಪಕ್ಕದಲ್ಲೇ ನಿಂತಿದ್ದ ಶಿಲ್ಪಿ ಕೆಮ್ಮಿ ನಗು ನುಂಗಿದ. ಸಾವುಕಾರನ ಕಿವಿ ಕೆಂಪಾಯಿತು. "ಹಂಗೆಲ್ಲಾ ಅನಬಾರದು. ಹಳೇ ಕಲ್ಲಿನಾಗೂ ಹಿಂಗ ಐತಿ."

"ಇರ್ಲಿ ಬಿಡ್ರಿ. ನಕ್ಕೊಂತ ಸತ್ತಿದ್ದನ್ನ ಯಾರು ನೋಡ್ಯಾರ? ಹಲ್ಲು ಕೀಳಿಸ್ಕೊಳ್ಳಾಕ ಹೆದರಿ ಕೆನ್ನಿ ಊದಿಸ್ಕೊಂಡು ತಿರುಗಿದವ್ರು ನಮ್ಮ ಮನ್ಯಾವ್ರು."

"ಮತ್ತ ಅಳಕೊಂತ ಸತ್ತ ಅಂತ ಬರೆಸಾಕ ಬರ್ತೈತೇನು?" ಸಾವುಕಾರ ಗದರಿದ.

"ನನ್ನ ಮಗಳು ಮುಂಜಾನೆ ಇಲ್ಲಿ ಬಂದು ಅಕ್ಷರ ಕೂಡಿಸಿ ಓದ್ಯಾಳ. 'ನಮ್ಮನ್ನ ಬಿಟ್ಟು ಹೋಗುವಾಗ ಅಪ್ಪಗ ಅಷ್ಟು ಖುಷಿ ಆಗಿತ್ತೇನವ್ವಾ' ಅಂತ ಕೇಳಿದ್ಳು. ಏನ್ ಹೇಳ್ಲಿ? ನೀವ ಬಂದು ಹೇಳ್ರಿ."

ಸಾವುಕಾರ ಉದ್ದದ ಭಾಷಣವನ್ನೇ ಬಾಯಿಪಾಠ ಮಾಡಿಕೊಂಡಿದ್ದ. ಅಷ್ಟು ಸಣ್ಣ ಹುಡುಗಿಯ ಮುಂದೆ ಕೂತು 'ಹುತಾತ್ಮ' ಎಂದು ಶುರುಮಾಡುವುದೇ? ಆಮೇಲೆ? ಕೊನೆಗೆ ಶಿಲ್ಪಿಯ ಕಡೆ ತಿರುಗಿ, "ಆ ಸಾಲು ಕೆತ್ತಿ ತಗಿ," ಎಂದ.

"ಅಡಿಯಾಗ ಬರೇ ಹೆಸರು ಉಳಿತೈತ್ರಿ."

"ಉಳೀಲಿ."

ನೋಡಿ, ಆ ಸಾವುಕಾರನನ್ನು ನಕ್ಕು ಮರೆಯಬೇಡಿ. ಮೈಕ್ ಸಿಕ್ಕರೆ ನಾವೂ ಅವನೇ. ಸ್ವರ್ಗದಿಂದ ನನಗಂತೂ ಯಾವ ವರದಿಯೂ ಬಂದಿಲ್ಲ, ನಿಮಗೆ ಬಂದಿದೆಯೇ? ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವುದು ಯಾವಾಗಲೂ ತಪ್ಪು. ಸತ್ತವನ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು, ಏಕೆಂದರೆ ಅವನು ಎದ್ದು ಬಂದು ತಿದ್ದಲಾರ.

ಇನ್ನು ಮೇಲೆ ಯೋಧ ಸತ್ತ ಮನೆಗೆ ಹೋದಾಗ 'ಅಳಬೇಡ, ಹೆಮ್ಮೆಪಡು' ಎಂದು ಅಪ್ಪಣೆ ಕೊಡಿಸಬೇಡಿ. 'ಸತ್ತ' ಎನ್ನಿ, ನಾಲಿಗೆ ಸುಡುವುದಿಲ್ಲ. ಅವನ ಹೆಸರು ಹಿಡಿದು ಮಾತಾಡಿ. ಅವನೊಂದಿಗೆ ಜಗಳವಾಡಿದ್ದು ನೆನಪಿದ್ದರೆ ಅದನ್ನೂ ಹೇಳಿ. ಏನೂ ನೆನಪಿಲ್ಲವೇ? ಬಾಯಿ ಮುಚ್ಚಿಕೊಂಡು ಅವನ ಹೆಂಡತಿ ಹೇಳುವುದನ್ನು ಕೇಳಿ. ಮಗು ಅಲ್ಲೇ ಕೂತಿರುತ್ತದೆ; ಅದಕ್ಕೆ ವೀರ ಬೇಡ, ಅಪ್ಪ ಬೇಕು.