ಇಳಿಯೋದಕ್ಕಷ್ಟೇ ಒಂದು ಸೈಕಲ್

ಹಲೋ… ಹಾಂ, ಹಲೋ. ಯಾರು?… ಯಾರಪ್ಪಾ ಮಾತಾಡ್ತಿರೋದು? ಬರೀ ಗಾಳಿ ಕೇಳಿಸ್ತಿದೆ… ಹೌದು, ಕಾರ್ಪೋನೇ. ಸೈಕಲ್ ರಿಪೇರಿ ಕಾರ್ಪೋ. ಈ ಗುಡ್ಡದಲ್ಲಿ ಇನ್ನೊಬ್ಬ ಕಾರ್ಪೋ ಇದ್ದ, ಅವನು ಸತ್ತು ಆರು ವರ್ಷ ಆಯ್ತು. ಅವನು ಬೇಕಿದ್ರೆ ಚರ್ಚಿನ ಹಿಂದ್ಗಡೆ ನಿಂತು ಕೂಗ್ಬೇಕು…

… ರೊಡೆಲ್ಯೋನಾ? ಬೈಕ್ ಟ್ಯಾಕ್ಸಿ ರೊಡೆಲ್ಯೋ? ಅಯ್ಯೋ ತಮ್ಮಾ, ನಿನ್ನ ದನೀನೇ ಗುರುತು ಸಿಗಲಿಲ್ಲ ನೋಡು. ಜುನ್ರೇ ಹೇಗಿದಾನೆ? ಭಾನುವಾರ ಸೈಕಲ್ ರೇಸಲ್ಲಿ ಬಿದ್ದಾಗ್ಲಿಂದ ನಿನ್ನ ತಮ್ಮನ ಸುದ್ದಿ ಬಿಟ್ರೆ ಬೇರೆ ಮಾತೇ ಇಲ್ಲ ಇಲ್ಲಿ. ಬಂದು ನೋಡ್ಬೇಕು ಅಂತಿದ್ದೆ…

… ಹಾಂ… ಹಾಂ. ಕಣ್ಣು?… ಎಡಗಣ್ಣು ಹೋಯ್ತಾ. ಪೂರ್ತಿ?… ದವಡೆಗೆ ತಂತಿ ಹಾಕಿದಾರೆ, ಸರಿ. ದವಡೆ ಕೂಡ್ಕೊಳುತ್ತೆ, ನಂದು ಎರಡು ಸಲ ಕೂಡಿದೆ. ಕಾಲು ಅಲ್ಲಾಡ್ತಿದ್ಯಾ?… ಇಲ್ವಾ. ಒಂದು ಬೆರಳೂ ಇಲ್ವಾ… ನಿಮ್ಮಮ್ಮ ಏನಾದ್ರೂ ತಿಂದ್ರಾ?…

… ಏನು? ಇನ್ನೊಂದ್ಸಲ ಹೇಳು… ಸೈಕಲ್ಲಾ? ಯಾರಿಗೆ?… ನಿಂಗಾ! ಮೌಂಟನ್ ಬೈಕು, ಕಾಡುದಾರಿಗೆ, ಇವತ್ತೇ. ಅಲ್ಲ ರೊಡೆಲ್ಯೋ, ತಮ್ಮ ಅಲ್ಲಿ ಮೂಗಿಗೆ ನಳಿಗೆ ಹಾಕಿಸ್ಕೊಂಡು ಮಲಗಿದಾನೆ, ನೀನು ಹುಟ್ಟಿದಾಗ್ಲಿಂದ ಮೋಟಾರು ಬಿಟ್ಟು ನೂರು ಹೆಜ್ಜೆ ನಡೆದೋನಲ್ಲ… ಸರಿ, ಸರಿ. ಕೇಳಲ್ಲ. ದುಃಖ ಒಬ್ಬೊಬ್ಬರಿಗೆ ಒಂದೊಂದು ಕಡೆ ಎಳೆಯುತ್ತೆ. ಕೈಯಲ್ಲಿ ಎಷ್ಟಿದೆ?…

… ಎಂಟು ಸಾವಿರ ಪೆಸೊ. ಹಾಗಾದ್ರೆ ಕೇಳು. ಪೇಟೆ ಅಂಗಡೀಲಿ ಗಾಜಿನ ಹಿಂದೆ ಹೊಳೀತಾ ನಿಂತಿರುತ್ತಲ್ಲ, ಮುಂದೆ ಸ್ಪ್ರಿಂಗು, ಇಪ್ಪತ್ನಾಲ್ಕು ಗೇರು, ಮೈತುಂಬಾ ಸ್ಟಿಕ್ಕರು, ಅದರ ಹತ್ರಾನೂ ಸುಳೀಬೇಡ. ಆ ಬೆಲೆಗೆ ಬರೋ ಸಸ್ಪೆನ್ಷನ್ನು ಅಂದ್ರೆ ನನ್ನ ಮೊಣಕಾಲಿದ್ದಂಗೆ. ಸದ್ದು ಮಾಡುತ್ತೆ, ಮಡಚಲ್ಲ. ಬಂದರಿನ ಹತ್ರ ಗೋದಾಮಿಗೆ ಹೋಗು. ಜಪಾನಿಂದ ಹಡಗಲ್ಲಿ ಬಂದ ಹಳೇ ಸೈಕಲ್ಲು ಮೀನು ಸುರಿದಂಗೆ ಸುರಿದಿರ್ತಾರೆ. ಕಬ್ಬಿಣದ ಫ್ರೇಮು, ಅಗಲ ಟಯರು, ಗಟ್ಟಿ ಬ್ರೇಕು. ಜುನ್ರೇಗೂ ಅದನ್ನೇ ತಾನೆ ಕೊಡ್ಸಿದ್ದು ನಾನು? ಫ್ರೇಮನ್ನ ಎರಡು ಕಾಲ್ಮಧ್ಯೆ ಇಟ್ಕೊಂಡು ನಿಂತ್ಕೋ, ನಾಲ್ಕು ಬೆರಳು ಜಾಗ ಉಳೀಬೇಕು. ಉಳೀದಿದ್ರೆ ಮೊದಲನೇ ಹಳ್ಳಕ್ಕೇ ನಿಮ್ಮ ವಂಶ ನಿಂತ್ಹೋಗುತ್ತೆ…

… ನಗು ಬರ್ಲಿಲ್ವಾ. ಹೋಗ್ಲಿ. ಏನು ಕೇಳ್ದೆ?… ಸದ್ದು ಮಾಡಬಾರ್ದಾ? ಹಿಂದಿನ ಚಕ್ರದ ಟಿಕಟಿಕ ಸದ್ದಾ? ಇಷ್ಟು ವರ್ಷದ ಅಂಗಡೀಲಿ ಅದು ಜೋರಾಗಿರ್ಬೇಕು ಅಂತ ಕೇಳಿದೋರೇ ಎಲ್ಲಾ. ಹುಂಜ ಕೂಗಿದಂಗಿರ್ಬೇಕು ಅವರಿಗೆ. ಬೇಡ ಅಂದೋನು ನೀನೊಬ್ನೇ. ಗ್ರೀಸ್ ತುಂಬಿದ್ರೆ ಸದ್ದು ಅಡಗುತ್ತೆ. ಗೇರು ಎಷ್ಟು ಬೇಕು?…

… ಗೇರೇ ಬೇಡ್ವಾ. ಹತ್ತೋದಿಲ್ವಾ ನೀನು?… ಇಳಿಯೋದಕ್ಕಷ್ಟೇ. ಇಳಿದೋನು ಮೇಲೆ ಬರೋದು ಹೇಗೆ?… “ಅದು ಆಮೇಲಿನ ಮಾತು.” ಹಾಂ. ಹಾಂ…

… ಫ್ರೇಮಿಗೆ ಏನು ಕಟ್ಬೇಕು? ಎರಡಡಿ ಉದ್ದದ್ದಾ? ಏನದು, ಪಂಪಾ?… ಪಂಪು ಒಂದಡಿ ದಾಟಲ್ಲ ತಮ್ಮಾ. ರೊಡೆಲ್ಯೋ. ಏನದು ಹೇಳು…

… ಮಚ್ಚು.

… ಇಲ್ಲ, ಇಲ್ಲೇ ಇದೀನಿ. ಇಕ್ಕಳ ಕೆಳಗಿಟ್ಟೆ, ಅಷ್ಟೇ. ಯಾರಿಗೆ?… ಬೆನೋಯ್‌ಗಾ. ಕಾಡುದಾರಿ ಶುರುವಾಗೋ ಕಡೆ ಸೈಕಲ್ ತೊಳೆಯೋ ಶೆಡ್ ಇಟ್ಕೊಂಡಿದಾನಲ್ಲ, ಆ ಬೆನೋಯ್‌ಗಾ? ಎಲ್ಲಿದಾನೆ ಅವನು?… ಅವರ ಮಾವನ ಜೋಳದ ಹೊಲದಲ್ಲಾ. ಗುಡಿಸಲಲ್ಲಿ ಅಡಗಿದಾನೆ. ಅಲ್ಲಿಗೆ ರಸ್ತೇಲಿ ಹೋದ್ರೆ ಕಾವಲಿನೋರು ತಡೀತಾರೆ, ನಿನ್ನ ಮೋಟಾರಿನ ಸದ್ದು ಮೂರು ಊರಿಗೆ ಗೊತ್ತು, ಅದಕ್ಕೇ ಮೇಲಿಂದ ಕಾಡುದಾರೀಲಿ ಸದ್ದಿಲ್ದೆ ಇಳಿಯೋದು. ಹಾಂ. ಚೆನ್ನಾಗಿ ಯೋಚ್ನೆ ಮಾಡಿದೀಯ. ತಲೆ ಕಡಿಯೋಕೆ ಒಂದು ಸೈಕಲ್ ಆರ್ಸಿಕೊಡಿ, ಅಗ್ಗದ್ದಾಗಿರ್ಲಿ ಅಂದ ಗಿರಾಕಿ ನೀನೇ ಮೊದಲ್ನೇವನು…

… ತಮಾಷೆ ಅಲ್ಲ ಅಂತ ನಂಗೂ ಗೊತ್ತು. ನನ್ನ ಬಾಯಿ ಹಾಗೆ, ಹೆದರಿದಾಗ ಇನ್ನೂ ಜಾಸ್ತಿ. ನೀನು ಆ ದಾರಿ ನೋಡಿದೀಯಾ? ಬಿದಿರು ಕಡಿದ ಜಾಗ ಇದ್ಯಲ್ಲ, ಒಂದೊಂದು ಬುಡಾನೂ ಈಟಿ ಥರ ಓರೆಯಾಗಿ ನಿಂತಿದೆ. ಒಂದು ನನ್ನ ತೊಡೇಲಿ ಈ ಕಡೆಯಿಂದ ಹೋಗಿ ಆ ಕಡೆ ಬಂದಿತ್ತು, ಬುಡ ಸಮೇತ ಗರಗಸದಲ್ಲಿ ಕೊಯ್ದು ನನ್ನ ಹೊತ್ಕೊಂಡು ಹೋದ್ರು, ಹಂದಿ ಸುಡೋಕೆ ಹೊರಟಂಗೆ. ಸೈಕಲ್ ಹತ್ತೋಕೆ ಬರ್ದಿರೋನು ಮಚ್ಚು ಕಟ್ಕೊಂಡು ಅಲ್ಲಿ ಇಳಿದ್ರೆ ಎರಡನೇ ತಿರುವಿನಲ್ಲಿ ಮಚ್ಚು ನಿನ್ನ ಹೊಟ್ಟೇಲಿರುತ್ತೆ. ನಿನ್ನ ಕರುಳು ನೀನೇ ಎತ್ಕೊಂಡು ಹೋಗಿ ಬೆನೋಯ್ ಮುಂದೆ ನಿಲ್ತೀಯ…

… ನಿಂತೂ ಕೊಚ್ತೀಯಾ. ಸರಿ. ಕೊಚ್ಚು. ಆಮೇಲೆ? ಅವನ ಅಣ್ಣಂದ್ರು ಸುಮ್ನಿರ್ತಾರಾ? ನಿಮ್ಮಮ್ಮ ಒಂದು ಮಂಚ ಬಿಟ್ಟು ಇನ್ನೊಂದು ಮಂಚದ ಹತ್ರ, ಅಲ್ಲಿಂದ ಜೈಲಿನ ಕಿಟಕಿ ಹತ್ರ…

… ಗೊತ್ತು. ನಾನೂ ಅಲ್ಲೇ ಇದ್ದೆ. ಕೋಳಿ ಅಂಕದ ಬೇಲಿ ಹತ್ರ ಅವನು ಜುನ್ರೇ ಕಪಾಳಕ್ಕೆ ಹೊಡೆದಿದ್ದು ನೋಡಿದೀನಿ. “ಭಾನುವಾರ ನಿನ್ನ ಮುಖ ಕಲ್ಲಿಗೆ ಉಜ್ಜಿಸ್ತೀನಿ” ಅಂದಿದ್ದೂ ಕೇಳಿದೀನಿ. ಎರಡು ಮಗ್ಗು ಕಳ್ಳು ಒಳಗೆ ಹೋದ್ರೆ ಅವನು ಪಾದ್ರೀನೂ ಕೊಲ್ತೀನಿ ಅಂತಾನೆ. ಬಾಯಲ್ಲಿ ಬಂದಿದ್ದೆಲ್ಲಾ ಕೈಯಲ್ಲಾಗಿದ್ರೆ ಈ ಗುಡ್ಡದಲ್ಲಿ ಹೆಣ ಹೂಳೋಕೆ ಜನ ಉಳೀತಿರ್ಲಿಲ್ಲ…

… ಶನಿವಾರ ಇಡೀ ದಿನ ಸೈಕಲ್ಲು ಅವನ ಶೆಡ್ಡಲ್ಲಿತ್ತು, ಹೌದು. ರೇಸಿನ ನಂಬರ್ ಅಂಟ್ಸೋಕೆ ಎಲ್ಲಾರ್ದೂ ಅಲ್ಲೇ ಇತ್ತಲ್ಲ… ಏನೋ ಮಾಡಿದಾನೆ ಅಂತೀಯ. ಏನು ಮಾಡಿದಾನೆ? ಆ ಸೈಕಲ್ ಈಗ ಎಲ್ಲಿದೆ?… ನಿನ್ನ ಕಣ್ಮುಂದೇನೇ ಇದ್ಯಾ? ಒಳ್ಳೇದು. ತಲೆ ಆಮೇಲೆ ಕಡಿ, ಮೊದ್ಲು ಸೈಕಲ್ ನೋಡೋಣ. ನಾನು ಹೇಳ್ದಂಗೆ ಮಾಡು. ಮುಂದಿನ ಫೋರ್ಕ್ ಬಿರುಕು ಬಿಟ್ಟಿದ್ಯಾ?… ಬಾಗಿದೆ, ಬಿರುಕಿಲ್ಲ. ಚಕ್ರ?… ಸೊಟ್ಟ ಆಗಿದೆ, ಆದ್ರೆ ತಿರುಗುತ್ತೆ. ಸರಿ. ಬ್ರೇಕ್ ವೈರ್ ಕೊಯ್ದಿದಾರಾ ನೋಡು, ಚಾಕು ಆಡ್ಸಿದ ಗುರುತು…

… ಇಲ್ಲ ತಾನೆ? ಎರಡೂ ಇಡಿಯಾಗಿದೆ ತಾನೆ? ನಾನು ಹೇಳ್ಲಿಲ್ವಾ! ಇನ್ನೊಂದು ನೋಡ್ಬಿಡು, ನಿನ್ನ ಮನಸ್ಸಿಗೂ ಸಮಾಧಾನ ಆಗ್ಲಿ. ಸೈಕಲ್ ತಲೆಕೆಳಗೆ ನಿಲ್ಸು. ಬಲಗೈದು ಮುಂದಿನ ಬ್ರೇಕು, ಅದನ್ನ ಒತ್ತಿ ಮುಂದಿನ ಚಕ್ರ ತಿರುಗಿಸು. ನಿಲ್ಲುತ್ತಾ?…

… ನಿಲ್ಲಲ್ವಾ? ಗಟ್ಟಿಯಾಗಿ ಒತ್ತು… ಹಿಂದಿನ ಚಕ್ರ ಹಿಡೀತಿದ್ಯಾ? ಬಲಗೈದು ಒತ್ತಿದ್ರೆ ಹಿಂದಿಂದಾ? ತಲೆಕೆಳಗಾಗಿದೆ, ಬಲ ಎಡ ಅದಲು ಬದಲು ಆಗಿರ್ಬೇಕು ನಿಂಗೆ. ಚೈನು ಯಾವ ಕಡೆ ಇದ್ಯೋ ಅದು ಬಲಗಡೆ. ಆ ಕಡೇದು ಒತ್ತು… ಹಿಂದಿಂದೇ. ಎಡಗೈದು?…

… ಮುಂದಿಂದು.

… ಕೇಳಿಸ್ತು. ಕಿರುಚ್ಬೇಡ, ಕೇಳಿಸ್ತು ನಂಗೆ…

… ಹೌದು. ಹೌದು, ಸ್ಕೂಟರಲ್ಲಿ ಎಡಗೈ ಅಂದ್ರೆ ಹಿಂದಿನ ಬ್ರೇಕು. ಜಪಾನಿನ ಸೈಕಲ್ಲೂ ಹಾಗೇ. ಜುನ್ರೇದು ಸ್ಕೂಟರ್ ಓಡ್ಸಿದ ಕೈ, ಅದೇ ಹೊಂದುತ್ತೆ ಅಂತಾನೇ ಅದನ್ನ ಆರ್ಸಿಕೊಟ್ಟಿದ್ದು. ಇಳಿಜಾರಲ್ಲಿ ಹೆದರಿದ, ಹಿಂದಿನ ಚಕ್ರ ಹಿಡ್ಕೊಳುತ್ತೆ ಅಂತ ಎಡಗೈ ಪೂರ್ತಿ ಅಮುಕಿದ. ಮುಂದಿನ ಚಕ್ರ ಗಪ್ಪಂತ ನಿಂತ್ಬಿಡ್ತು. ಸೈಕಲ್ ನಿಂತಿತು, ಅವನು ನಿಲ್ಲಲಿಲ್ಲ…

… ತಾಳು, ತಾಳು. ಬೆನೋಯೇ ಅದಲು ಬದಲು ಮಾಡಿದಾನೆ ಅಂತ ಹೇಗೆ ಹೇಳ್ತೀಯ? ಅವನಿಗೆ ಅಷ್ಟು ಬುದ್ಧಿ ಎಲ್ಲಿದೆಯೋ? ಪಂಚರ್ ಹಾಕೋಕೆ ನನ್ನ ಹತ್ರ ಬರ್ತಾನೆ ಆ ಕತ್ತೆ! ಬ್ರೇಕ್ ಬದಲಾಯ್ಸೋದು ಅಂದ್ರೆ ಎರಡೂ ವೈರ್ ಎಳೀಬೇಕು, ಹೊಸಾದು ಅಳತೆ ಮಾಡಿ ಕತ್ತರಿಸ್ಬೇಕು, ಬಿಗಿ ನೋಡ್ಬೇಕು. ಅರ್ಧ ಗಂಟೆ ಕೆಲಸ, ಅದಕ್ಕೆ ಬೇರೆ ಕಟ್ಟರೇ ಬೇಕು. ಅವನ ಶೆಡ್ಡಲ್ಲಿ ಒಂದು ನೀರಿನ ಪೈಪು, ಒಂದು ಬ್ರಷ್ಷು, ಅಷ್ಟೇ ಇರೋದು. ಈ ಗುಡ್ಡದಲ್ಲಿ ಆ ಕೆಲಸ ಬರೋನು…

… ಏನಿಲ್ಲ. ಏನೂ ಹೇಳ್ಲಿಲ್ಲ.

… ಮತ್ಯಾರು ಅಂತಾನಾ? ಅದು… ಗೋದಾಮಿನಲ್ಲೇ ಯಾರಾದ್ರೂ… ಹೌದು, ಹತ್ತು ದಿನ ಓಡ್ಸಿದ್ದ, ಸರಿಯಾಗೇ ಇತ್ತು. ಅದೂ ನಿಜ. ಹಡಗಲ್ಲಿ… ಅದೂ ಆಗಲ್ಲ. ನಾಲ್ಕು ವರ್ಷ ಪಾದ್ರಿ ಆಗೋಕೆ ಓದಿದೋನು ನಾನು, ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರ್ತಿಲ್ಲ ನೋಡು…

… ಇದೀನಿ. ಕೂತ್ಕೊಂಡೆ, ಅಷ್ಟೇ.

… ರೊಡೆಲ್ಯೋ, ಮಧ್ಯೆ ಮಾತಾಡ್ಬೇಡ. ಶುಕ್ರವಾರ ಜುನ್ರೇ ಸೈಕಲ್ ತಂದ. ರೇಸಿದೆ ಮಾವಾ, ವೈರ್ ಹೊಸಾದು ಹಾಕು ಅಂದ. ನಾನು ಹಾಕ್ತಾ ಹಾಕ್ತಾ ನನ್ನ ಹಳೇ ರೇಸಿನ ಕಥೆ ಶುರು ಮಾಡ್ದೆ. ಪಕ್ಕೆಲುಬು ಮುರಿದ್ರೂ ಮೂರ್ನೇವನಾಗಿ ಬಂದಿದ್ದು, ನೀನೂ ಕೇಳಿದೀಯ, ಕೇಳದೇ ಇರೋರೇ ಇಲ್ಲ. ನಾವು ರೇಸಿನೋರು ಮುಂದಿನ ಬ್ರೇಕ್ ಎಡಗೈಗೆ ಇಟ್ಕೊಳ್ತಿದ್ವಿ. ಬಾಯಿ ಪಾಡಿಗೆ ಬಾಯಿ ನಡೀತಿತ್ತು, ಕೈ ಪಾಡಿಗೆ ಕೈ. ನನ್ನ ಸೈಕಲ್ಲೇ ಅನ್ನೋ ಹಾಗೆ ಹಾಕ್ಬಿಟ್ಟೆ. ಆಮೇಲೆ ಒಂದು ಸುತ್ತು ಓಡ್ಸು ಅನ್ಬೇಕಿತ್ತು. ಅಷ್ಟರಲ್ಲಿ ನೀನು ಬಂದೆ, ನಿನ್ನ ಮೋಟಾರಿನ ಹಿಂದೆ ಅದನ್ನ ಕಟ್ಟಿದ್ವಿ, ನೀವು ಹೊರಟ್ರಿ. ನಾನು ಕಥೆಯ ಕೊನೆ ಹೇಳ್ತಾನೇ ಇದ್ದೆ…

… ಹಲೋ?

… ಸುಳ್ಳಾ? ಬೆನೋಯ್‌ನ ಉಳ್ಸೋಕೆ ಹೇಳ್ತಿದೀನಿ ಅಂತೀಯಾ? ಅವನು ನನ್ನ ಯಾವ ಮಾವನ ಮಗ? ವೈರಿನ ತುದಿ ನೋಡು. ಚಿಕ್ಕ ತಗಡಿನ ಟೋಪಿ ಇದ್ಯಾ? ಅದರ ಮೇಲೆ ಎರಡು ಕಡೆ ಇಕ್ಕಳದ ಹಲ್ಲು ಕಚ್ಚಿದ ಗುರುತು… ಇದ್ಯಾ. ಎಲ್ಲಾರೂ ಒಂದ್ಸಲ ಒತ್ತಿ ಬಿಡ್ತಾರೆ. ಎರಡು ಸಲ ಒತ್ತೋ ಚಟ ನಂದೊಬ್ಬಂದೇ. ಇನ್ನೊಂದು ವೈರೂ ನೋಡು… ಅದ್ರಲ್ಲೂ ಇದ್ಯಾ. ಸರಿ.

… ಬೈ. ಏನಾದ್ರೂ ಬೈಯೋ. ಭಾನುವಾರದಿಂದ ನೆನಪೇ ಆಗಿರ್ಲಿಲ್ಲ ನಂಗೆ, ಈಗ ನೀನು “ಮುಂದಿಂದು” ಅಂದಾಗ್ಲೇ ಹೊಳೆದಿದ್ದು. ನಂಬ್ತೀಯಾ?… ನಂಬಬೇಡ, ನಾನಾಗಿದ್ರೂ ನಂಬ್ತಿರ್ಲಿಲ್ಲ. ಆದ್ರೆ ಇದೊಂದು ಕೇಳು. ಬೆನೋಯ್ ಕೆಟ್ಟೋನು, ಬಾಯಿಬಡುಕ, ಕಪಾಳಕ್ಕೆ ಹೊಡೆದ. ಅದಕ್ಕೆ ಅವನ ಕಪಾಳಕ್ಕೆ ನಾಲ್ಕು ಬಾರಿಸು. ಜುನ್ರೇ ಕಣ್ಣಿಗೆ, ಕಾಲಿಗೆ ಲೆಕ್ಕ ಕೊಡ್ಬೇಕಾದೋನು ಅವನಲ್ಲ. ಅವನ ಗುಡಿಸಲ ಕಡೆ ಹೋಗ್ಬೇಡ. ಕೇಳಿಸ್ತಾ? ಹೋಗಲ್ಲ ಅನ್ನು…

… ಅನ್ನು ತಮ್ಮಾ…

… ಏನು?… ಯಾವ ಕೈಯಲ್ಲಿ ಮಾಡ್ದೆ ಅಂತಾನಾ?

… ಎರಡೂ ಕೈ ಬೇಕಾಗುತ್ತೆ ಆ ಕೆಲಸಕ್ಕೆ. ಒಂದ್ರಲ್ಲಿ ವೈರ್ ಎಳ್ಕೊಂಡು ಹಿಡೀಬೇಕು, ಇನ್ನೊಂದ್ರಲ್ಲಿ…

… ಇಲ್ಲ, ಎಲ್ಲೂ ಹೋಗಲ್ಲ. ಒಬ್ನೇ ಇದೀನಿ. ಬೆನ್ನಿಗೆ ಆಸರೆಯಾಗೋ ಗೋಡೆ ಬಿಟ್ರೆ ಬೇರೇನಿಲ್ಲ ಇಲ್ಲಿ. ಬಾಗಿಲೂ ಹಾಕಲ್ಲ. ನಿಂಗೆ ಸೈಕಲ್ ಬೇಡ ರೊಡೆಲ್ಯೋ, ನನ್ನ ಹತ್ರ ಬರೋಕೆ ರಸ್ತೆ ಇದೆ, ಕಾವಲಿನೋರು ಯಾರೂ ತಡೆಯಲ್ಲ. ಸೀದಾ ಬಾ. ಆ ಕಡೆ ಹೋಗ್ಬೇಡ, ಈ ಕಡೆ… ಹಲೋ? ಈ ಕಡೆ ತಾನೆ ಬರ್ತಿರೋದು? ಹೇಳು, ಈ ಕಡೆ ತಾನೆ? ಹಲೋ, ರೊಡೆಲ್ಯೋ, ಈ ಕ…