ಬಲೂನಿನ ಗಡ್ಡ

...ಅದನ್ನೇ ಹೇಳ್ತಿದ್ದೀನಿ ಸಾರ್! ದೇವರು ಅಂದ್ರೆ ನನ್ನ ಹೆಂಡತಿಗೆ ಪಕ್ಕದ ಮನೆಯವರಿದ್ದ ಹಾಗೆ. ನಲ್ಲೀಲಿ ನೀರು ಬರದಿದ್ರೂ ಅವನನ್ನೇ ಕೂಗ್ತಾಳೆ... ಅಯ್ಯೋ, ನಗಬೇಡಿ! ನಕ್ಕರೆ ನೊರೆ ಬಾಯೊಳಗೆ ಹೋಗುತ್ತೆ. ಹೋಯ್ತಾ? ಉಗೀರಿ, ಇದೇ ಟವೆಲ್‌ಗೆ ಉಗೀರಿ.

ಇರಿ, ಇನ್ನೊಂದ್ಸಲ ಹಚ್ತೀನಿ. ನಿಮ್ಮ ಗಡ್ಡ ಸಾಮಾನ್ಯದ್ದಾ? ನೆನೀಬೇಕು. ಗಡಿಯಾರ ಯಾಕೆ ನೋಡ್ತೀರಿ? ಬೀಳ್ಕೊಡುಗೆ ನಾಲ್ಕು ಗಂಟೆಗೆ ತಾನೇ? ಪೋಸ್ಟ್ ಮಾಸ್ಟರ್ ನೀವೇ ಬರದೆ ಯಾರನ್ನ ಬೀಳ್ಕೊಡ್ತಾರೆ! ಫೋಟೋ ಬೇರೆ ತೆಗೀತಾರೆ, ಕೆನ್ನೆ ಕನ್ನಡಿ ಥರ ಇರಬೇಕು.

ಏನು? ಕೈಯಾ? ಕೈ ಭೇಷಾಗಿದೆ ಸಾರ್. ಬೆಳಿಗ್ಗೆಯಿಂದ ನಾಲ್ಕು ಜನಕ್ಕೆ ಗಡ್ಡ ಮಾಡಿ ಕಳಿಸಿದ್ದೀನಿ.

ಬಿದ್ದದ್ದು ಹೇಗೆ ಅಂತ ಹೇಳಿದ್ನಾ? ಬಲ್ಬ್ ಬದಲಾಯಿಸೋಕೆ ಸ್ಟೂಲ್ ಹತ್ತಿದ್ದೆ. ಸ್ಟೂಲ್ ನಿಂತಲ್ಲೇ ನಿಂತಿತ್ತು, ನಾನು ಮಾತ್ರ ನೆಲದ ಮೇಲೆ! ಮಣಿಕಟ್ಟು ಲಟಕ್ ಅಂತು. ಪ್ಲಾಸ್ಟರ್ ಬಿಚ್ಚಿದ ದಿನ ಕೈಗೆ ನೀರಿನ ಲೋಟ ಕೊಟ್ರೆ, ಅರ್ಧ ನೀರು ಅಂಗಿ ಕುಡೀತು. ಅಷ್ಟು ನಡುಕ. ಡಾಕ್ಟರು, "ನರಕ್ಕೆ ಪೆಟ್ಟಾಗಿದೆ, ಸರಿ ಹೋಗಬಹುದು, ಹೋಗದೇನೂ ಇರಬಹುದು" ಅಂದ್ರು. ಅಷ್ಟು ಹೇಳೋಕೆ ಡಾಕ್ಟರು ಯಾಕೆ ಬೇಕು?

ಮೂವತ್ತು ವರ್ಷದಿಂದ ಕತ್ತಿ ಹಿಡಿದ ಕೈ ಸಾರ್. ಬೇರೆ ಕೆಲಸ ಗೊತ್ತಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ... ಮೆಲ್ಲಗೆ, ಮೆಲ್ಲಗೆ! ಆ ಪರದೆ ಅಲ್ಲಾಡ್ತಿದೆಯಲ್ಲ, ಗಾಳಿ ಅಂದ್ಕೊಂಡ್ರಾ? ನನ್ನ ಹೆಂಡತೀನೇ. ಕಿವಿ ಇಲ್ಲೇ ಇರುತ್ತೆ.

ನಾನು ಅಂಗಡಿ ಮುಚ್ಚಿಬಿಡೋಣ ಅಂದೆ. ಅವಳೇನಂದ್ಲು ಹೇಳಿ? "ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ." ನಾನಂದೆ, "ಹುಲ್ಲು ಬಿಡು, ಅವನು ಬಂದು ಗಡ್ಡ ಬೋಳಿಸ್ತಾನಾ?" ಅದಕ್ಕವಳು, "ಬೋಳಿಸೋದು ನೀವು. ನಡುಕ ನಿಲ್ಲಿಸೋದು ಅವನು. ನೀವು ನಿಮ್ಮ ಪಾಲಿನ ಕೆಲಸ ಶುರು ಮಾಡಿ" ಅಂತ ಬಲೂನು ತಂದ್ಲು!

ಹೌದು ಸಾರ್, ಬಲೂನು. ಊದಿ, ನೊರೆ ಹಚ್ಚಿ, ಕತ್ತೀಲಿ ನೊರೆ ತೆಗೀಬೇಕು. ಬಲೂನು ಒಡೀಬಾರದು. ಚಿಕ್ಕಂದಿನಲ್ಲಿ ನಾನು ಕೆಲಸ ಕಲಿತದ್ದೂ ಹಾಗೇನೇ.

ಮೊದಲ ದಿನ ಹನ್ನೊಂದು ಬಲೂನು. ಹನ್ನೊಂದೂ ಢಮಾರ್! ಮಹಡಿ ಮೇಲಿನ ಟೈಪಿಸ್ಟಮ್ಮ ಬರಿಗಾಲಲ್ಲಿ ಓಡಿ ಬಂದ್ರು, ಯಾರಿಗೆ ಗುಂಡು ಹೊಡೆದ್ರಿ ಅಂತ! ನೋಡಿದ್ರೆ ಗೋಡೆ ತುಂಬ ನೊರೆ, ನನ್ನ ಹುಬ್ಬಿನ ಮೇಲೆ ನೊರೆ. ಇವಳು ಮೂಲೇಲಿ ಎರಡೂ ಕಿವಿಗೆ ಬೆರಳಿಟ್ಕೊಂಡು, ಕಣ್ಣು ಮುಚ್ಚಿ, "ದೇವ್ರೇ, ಒಂದು ಉಳಿಸಪ್ಪಾ, ಒಂದೇ ಒಂದು" ಅಂತಿದ್ದಾಳೆ. ನಾನು ಸುಮ್ಮನಿರ್ತೀನಾ? "ಕಿವಿಗೆ ಬೆರಳಿಟ್ಕೊಂಡು ಬೇಡ್ಕೊಂಡ್ರೆ ಅದೆಂಥ ನಂಬಿಕೆಯೇ?" ಅಂದೆ. ಏನಂದ್ಲು ಗೊತ್ತಾ? "ನಂಬಿಕೆ ದೇವರನ್ನ ನೋಡಿ. ಬೆರಳು ನಿಮ್ಮನ್ನ ನೋಡಿ."

ನಗಬೇಡಿ ಅಂದ್ನಲ್ಲ! ನೊರೆ ಒಣಗ್ತಿದೆ, ಇನ್ನೊಂಚೂರು...

ಹತ್ತೊಂಬತ್ತನೇ ದಿನ ಒಂದು ಉಳೀತು ಸಾರ್. ನುಣ್ಣಗೆ, ಕೆಂಪಗೆ, ಮಗು ಕೆನ್ನೆ ಥರ. ಅವಳು ಅದನ್ನ ಎತ್ತಿಕೊಂಡು ಅತ್ಲು. ನಾನು ಬಾಯಿ ಮುಚ್ಕೊಂಡಿರಬೇಕಿತ್ತು. "ಅದು ದಪ್ಪ ರಬ್ಬರು ಕಣೇ" ಅಂದುಬಿಟ್ಟೆ. ಎರಡು ದಿನ ಮಾತು ಬಿಟ್ಲು. ಆಮೇಲೆ ಮೂರು ಉಳಿದ್ವು, ಆರು ಉಳಿದ್ವು. ನಿನ್ನೆ ಹನ್ನೆರಡಕ್ಕೆ ಹನ್ನೆರಡೂ! ಒಂದೂ ಒಡೀಲಿಲ್ಲ. ನಿಮ್ಮಾಣೆಗೂ...

ಯಾಕೆ ಸಾರ್? ಯಾಕೆ ಕನ್ನಡೀಲಿ ಹಾಗೆ ನೋಡ್ತೀರಿ?

ಏನಾದ್ರೂ ಅನ್ನಿ. ಬೈಯ್ರಿ. ನೀವು ಬೈದ್ರೆ ನನಗೆ ಹಿತ, ಸುಮ್ಮನಿದ್ರೆ...

ಸರಿ. ಸರಿ ಸಾರ್. ಇದು ಮೂರನೇ ಸಲದ ನೊರೆ. ಕತ್ತಿ ಇನ್ನೂ ಕೈಗೆ ತಗೊಂಡಿಲ್ಲ. ನಾಲ್ಕು ಜನ ಬಂದಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಈ ಕುರ್ಚೀಲಿ ಕೂತ ಮೊದಲನೆಯವರು ನೀವೇ. ಮತ್ತೆ ನಿನ್ನೆ... ಉಳಿದದ್ದು ಹನ್ನೊಂದು. ಕೊನೇದು ಒಡೀತು.

ಆಣೆ ಹಾಕಿದ್ದಕ್ಕೆ ಕ್ಷಮಿಸಿ.

ಇನ್ನೂ ಒಂದಿದೆ, ಇದಕ್ಕೆ ಬೇಕಾದ್ರೆ ನಗಿ. ಬೆಳಿಗ್ಗೆ ಅವಳು ಒಳಗಿದ್ದಾಗ, ಬಾಗಿಲಿಗೆ ಚಿಲಕ ಹಾಕಿ, ನಾನೇ ಕೈ ಮುಗಿದೆ. ನಾನು! "ನನ್ನ ಕೈಲಿ ಆಗೋದು ಮಾಡಿದ್ದೀನಿ, ಇನ್ನು ನಿನ್ನ ಮೇಲೆ ಭಾರ. ಮೊದಲ ಗಿರಾಕಿಯನ್ನ ನೀನೇ ನೋಡಿ ಕಳಿಸು. ಮೆತ್ತಗಿನ ಸ್ವಭಾವದವರನ್ನ ಕಳಿಸು" ಅಂದೆ. ಕಳಿಸಿದ್ದು ಯಾರನ್ನ? ಸ್ಟಾಂಪು ಓರೆ ಅಂಟಿಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಗದರೋ ನಿಮ್ಮನ್ನ!

ಎದುರಿಗೆ ಗಾಜಿನ ಬಾಗಿಲಿನ ಹೊಸ ಸಲೂನ್ ಇದೆ. ಮುಖ ಒರೆಸಿ ಕೊಡ್ತೀನಿ, ಹೋಗಿ ಸಾರ್. ಫೋಟೋ ಹಾಳಾಗೋದು ಬೇಡ. ನನಗೆ ಬೇಜಾರಿಲ್ಲ...

ಏಳಲ್ವಾ?

ಕಣ್ಣು ಮುಚ್ಚಿದ್ರಿ... ಗದ್ದ ಎತ್ತಿದ್ರಿ... ಸಾರ್, ತುಟಿ ಯಾಕೆ ಅಲ್ಲಾಡ್ತಿದೆ? ನೀವೂ ಅವನನ್ನೇ ಕೂಗ್ತಿದ್ದೀರಾ?

ಕೂಗಿ. ಜೋರಾಗೇ ಕೂಗಿ.

ಹಾಂ... ಕಿವಿ ಪಕ್ಕದಿಂದ... ಕೆನ್ನೆ... ದವಡೆ... ಗದ್ದದ ತಿರುವು... ಅಷ್ಟೇ. ಉಸಿರು ಬಿಡಿ ಸಾರ್.

ರಕ್ತ ಇಲ್ಲ! ಲೇ, ಕೇಳಿಸ್ತೇನೇ? ಒಂದು ಹನಿ ಇಲ್ಲ! ಅಲ್ಲೇ ನಿಂತು ಅಳು, ಹೊರಗೆ ಬರಬೇಡ.

ಈಗ ಗಂಟಲು ಸಾರ್. ಇದು ಮುಗಿಯೋವರೆಗೂ ಯಾರೂ ಮಾತಾಡ್ಬಾರದು.

ನಾನೂ.